ಕೆಲಸ ಬದಲಿಸುವಾಗ ಟೈಮರ್ ಒತ್ತೋದು ಮರೆತರೆ: ಟೈಮ್‌ಶೀಟ್ ತಿದ್ದುವ ಸಮಗ್ರ ಮಾರ್ಗದರ್ಶಿ

ಯಾರ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಡುವ ಟೈಮರ್ ಆ್ಯಪ್ ಬಳಸುವವರು ಒಂದು ಸಲ ಅದನ್ನು ಬದಲಿಸೋದು ಮರೆತರೆ ಎರಡು ಎಂಟ್ರಿ ಕೆಡುತ್ತವೆ. ದಾಲ್ ಮಿಲ್ಲಿನ ಲೆಕ್ಕ ನೋಡುತ್ತಿರುವಾಗ ಟ್ರಾನ್ಸ್‌ಪೋರ್ಟಿನವರ ಫೋನ್ ಬರುತ್ತದೆ, ಅವರ ಜಿಎಸ್‌ಟಿ ರಿಟರ್ನ್ ತುಂಬಲು ಕೂರುತ್ತೀರಿ, ಟೈಮರ್ ದಾಲ್ ಮಿಲ್ಲಿನ ಹೆಸರಿನಲ್ಲೇ ಓಡುತ್ತಿರುತ್ತದೆ. ಸಂಜೆಗೆ ಮಿಲ್ಲಿನ ಖಾತೆಯಲ್ಲಿ ಒಂದು ಗಂಟೆ ಹೆಚ್ಚು, ಟ್ರಾನ್ಸ್‌ಪೋರ್ಟಿಗೆ ಸೊನ್ನೆ. ದಿನದ ಒಟ್ಟು ಮಾತ್ರ ಸರಿಯಾಗಿಯೇ ಕಾಣುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವು ತಿಂಗಳು ಹೀಗೇ ನಡೆದರೆ ಟ್ರಾನ್ಸ್‌ಪೋರ್ಟ್ ಪಾರ್ಟಿಯದು ಸಣ್ಣ ಕೆಲಸ ಅಂತ ಕಾಗದವೇ ಹೇಳತೊಡಗುತ್ತದೆ, ಮುಂದಿನ ವರ್ಷದ ಫೀಸೂ ಹಳೆಯ ಮೊತ್ತಕ್ಕೇ ನಿಲ್ಲುತ್ತದೆ.

ತಿದ್ದಲು ಕೂತವರು ಸಾಮಾನ್ಯವಾಗಿ ‘ಅದು ಎಷ್ಟು ಹೊತ್ತು ಹಿಡಿಯಿತು?’ ಅಂತ ನೆನಪಿಸಿಕೊಳ್ಳಲು ಹೋಗುತ್ತಾರೆ. ನೆನಪು ಇಂಥದ್ದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂತ ದುಂಡಾದ ಉತ್ತರವನ್ನೇ ಕೊಡುತ್ತದೆ. ‘ಯಾವ ನಿಮಿಷಕ್ಕೆ ಬದಲಾಯಿಸಿದೆ?’ ಅಂತ ಕೇಳಿದರೆ ಹುಡುಕಲು ಜಾಗಗಳಿವೆ: ಕಾಲ್ ಲಾಗ್, ಒಟಿಪಿ, ಫೈಲ್ ಸೇವ್ ಆದ ಹೊತ್ತು. ಬದಲಾದ ನಿಮಿಷ ಸಿಕ್ಕರೆ ಎರಡೂ ಎಂಟ್ರಿ ಒಟ್ಟಿಗೇ ಸರಿಯಾಗುತ್ತವೆ.

ಇಲ್ಲಿನ ಉದಾಹರಣೆಗಳು ಕಲಬುರಗಿಯ ಒಂದು ಜಿಎಸ್‌ಟಿ-ಲೆಕ್ಕಪತ್ರ ಕಚೇರಿಯ ರೀತಿಯವು: ನೆಹರು ಗಂಜಿನ ದಾಲ್ ಮಿಲ್, ಸುಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿ, ಸೇಡಂ ಕಡೆಯ ಸಿಮೆಂಟ್ ಟ್ರಾನ್ಸ್‌ಪೋರ್ಟ್. ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರಿಗೂ, ಡಿಟಿಪಿ ಮಾಡುವವರಿಗೂ ವಿಧಾನ ಇದೇ, ಸಾಕ್ಷಿ ಸಿಗುವ ಜಾಗ ಮಾತ್ರ ಬೇರೆ. ಹೊತ್ತನ್ನು 24 ಗಂಟೆಯ ಲೆಕ್ಕದಲ್ಲಿ ಬರೆದಿದೆ. ನಿಮ್ಮ ಆ್ಯಪ್‌ನಲ್ಲೂ ಹಾಗೇ ಇಟ್ಟುಕೊಳ್ಳಿ. ಮಧ್ಯಾಹ್ನ 12:15 ಬರೆಯುವಾಗ ಎಎಂ-ಪಿಎಂ ಅದಲುಬದಲಾಗಿ ಹನ್ನೆರಡು ಗಂಟೆಯ ಎಂಟ್ರಿ ಹುಟ್ಟುವುದು ಬಹಳ ಸಾಮಾನ್ಯ.

ಎಂಥ ಮರೆವು, ಎಂಥ ತಿದ್ದುಪಡಿ

ಎಲ್ಲ ಮರೆವಿಗೂ ಒಂದೇ ಮದ್ದಿಲ್ಲ. ಕೆಲಸ ಬದಲಾಗಿಯೂ ಹಳೆಯ ಟೈಮರ್ ಓಡಿದ್ದರೆ ಆ ಎಂಟ್ರಿಯನ್ನು ಕತ್ತರಿಸಬೇಕು. ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡದಿದ್ದರೆ ನಡುವೆ ಖಾಲಿ ಬಿದ್ದಿರುತ್ತದೆ, ಅಲ್ಲಿ ಹೊಸ ಎಂಟ್ರಿ ಸೇರಿಸಬೇಕು. ಬೇರೆ ಪಾರ್ಟಿಯ ಹೆಸರು ಒತ್ತಿಬಿಟ್ಟಿದ್ದರೆ ಹೆಸರು ಬದಲಿಸಿದರೆ ಸಾಕು, ಹೊತ್ತು ಮುಟ್ಟಬೇಡಿ. ಊಟಕ್ಕೋ ಮನೆಗೋ ಹೋದಾಗ ಓಡುತ್ತಲೇ ಇದ್ದರೆ ಬಾಲ ಕತ್ತರಿಸಬೇಕು. ನಡುವೆ ಬಂದ ಕೆಲಸ ಮುಗಿಸಿ ಮತ್ತೆ ಮೊದಲಿನದಕ್ಕೇ ಮರಳಿದ್ದರೆ ಒಂದು ಎಂಟ್ರಿ ಮೂರು ತುಂಡಾಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಎರಡೇ ತುಂಡು ಮಾಡಿ, ಮರಳಿ ಬಂದ ಮೇಲಿನ ಹೊತ್ತನ್ನೂ ನಡುವಿನ ಕೆಲಸಕ್ಕೇ ಬಿಟ್ಟುಬಿಡುತ್ತಾರೆ.

ತಿದ್ದುವ ಕ್ರಮವೂ ಮುಖ್ಯ. ಮೊದಲು ದಿನದ ಕೊನೆಯ ಬಾಲ, ಆಮೇಲೆ ಊಟದ ಹೊತ್ತು, ಆಮೇಲೆ ಕತ್ತರಿಸುವುದು, ಖಾಲಿ ತುಂಬುವುದು ಕಟ್ಟಕಡೆಗೆ. ಖಾಲಿಯನ್ನು ಮೊದಲೇ ತುಂಬಿದರೆ ಬೇರೆ ಎಂಟ್ರಿ ಕತ್ತರಿಸುವಾಗ ಒಂದರ ಮೇಲೊಂದು ಬೀಳುತ್ತವೆ.

ಕೈ ಹಾಕುವ ಮುಂಚೆ ಆ ದಿನದ ವರದಿಯನ್ನು ಸಿಎಸ್‌ವಿ ಅಥವಾ ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ, ಅದೂ ಆಗದಿದ್ದರೆ ಒಂದು ಸ್ಕ್ರೀನ್‌ಶಾಟ್ ಆದರೂ ಇರಲಿ. ದಿನದ ಒಟ್ಟು ನಿಮಿಷವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಗೆ ತಾಳೆ ನೋಡಲು ಬೇಕಾಗುವುದು ಅದೇ.

ಸಾಕ್ಷಿ ಎಲ್ಲಿ ಸಿಗುತ್ತದೆ, ಎಷ್ಟು ನಂಬಬಹುದು

ಒಂದು ಗಳಿಗೆಯಲ್ಲಿ ಯಂತ್ರ ತಾನೇ ಬರೆದಿಟ್ಟದ್ದು ಎಲ್ಲಕ್ಕಿಂತ ಗಟ್ಟಿ. ಕಾಲ್ ಲಾಗ್‌ನಲ್ಲಿ ಕರೆ ಶುರುವಾದ ಹೊತ್ತೂ ಎಷ್ಟು ನಿಮಿಷ ಅನ್ನುವುದೂ ಇರುತ್ತವೆ, ಕೂಡಿಸಿದರೆ ಮುಗಿದ ಹೊತ್ತು. ಕೆಲಸ ಬದಲಾಗುವುದು ಬಹುಪಾಲು ಫೋನಿನಿಂದಲೇ ಆಗಿರುವುದರಿಂದ ಮೊದಲು ಇದನ್ನು ತೆರೆಯಿರಿ. ವಾಟ್ಸ್‌ಆ್ಯಪ್ ಕರೆಗಳು ಬೇರೆ ಪಟ್ಟಿಯಲ್ಲಿರುತ್ತವೆ, ಅದನ್ನೂ ನೋಡಿ.

ಎರಡನೆಯದು ಒಟಿಪಿ. ಇವಿಸಿ ಮೂಲಕ, ಅಂದರೆ ಸಹಿಯ ಬದಲು ಒಟಿಪಿ ಕೊಟ್ಟು, ರಿಟರ್ನ್ ಸಲ್ಲಿಸುವಾಗ ಒಟಿಪಿ ಪಾರ್ಟಿಯ ಮೊಬೈಲಿಗೇ ಹೋಗುತ್ತದೆ, ಎಸ್‌ಎಂಎಸ್ ನಿಮ್ಮಲ್ಲಿರುವುದಿಲ್ಲ. ತೊಂದರೆಯಿಲ್ಲ. ‘ಸಾವ್ಕಾರ್ರ, ಒಟಿಪಿ ಬಂದದ ನೋಡ್ರಿ, ಹೇಳ್ರಿ’ ಅಂತ ನೀವು ಮಾಡಿದ ಒಂದು ನಿಮಿಷದ ಕರೆ ಲಾಗ್‌ನಲ್ಲಿ ಇದ್ದೇ ಇರುತ್ತದೆ. ಅದರ ಬೆನ್ನಿಗೇ ಎಆರ್‌ಎನ್ (ಸಲ್ಲಿಕೆಯ ಸ್ವೀಕೃತಿ ಸಂಖ್ಯೆ) ಮೇಲ್ ಬಂದಿದ್ದರೆ ಆ ಕೆಲಸ ಮುಗಿದ ಹೊತ್ತು ಖಚಿತ.

ಬ್ರೌಸರ್ ಹಿಸ್ಟರಿಯಲ್ಲಿ ಪ್ರತಿ ಪುಟ ತೆರೆದ ನಿಮಿಷ ಇರುತ್ತದೆ. ಕ್ರೋಮ್ ಇದನ್ನು 90 ದಿನ ಇಟ್ಟುಕೊಳ್ಳುತ್ತದೆ. ಇನ್‌ಕಾಗ್ನಿಟೊದಲ್ಲಿ ತೆರೆದದ್ದು ಉಳಿಯುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಪಾರ್ಟಿಯ ಪೋರ್ಟಲ್ ತೆರೆಯಲು ಇನ್‌ಕಾಗ್ನಿಟೊ ಬಳಸುವ ಅಭ್ಯಾಸ ನಮ್ಮ ಕಡೆಯ ಕಚೇರಿಗಳಲ್ಲಿದೆ. ಆ ಎರಡನೆಯ ಪಾರ್ಟಿಯ ಸಾಕ್ಷಿ ಹೋಯಿತು ಅಂತಲೇ ಲೆಕ್ಕ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್‌ನಲ್ಲಿ ಎಡಿಟ್ ಲಾಗ್ ಇದ್ದರೆ ವೋಚರ್ ಹಾಕಿದ, ತಿದ್ದಿದ ಹೊತ್ತು ಸಿಗುತ್ತದೆ. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಇಂಥ ಆಡಿಟ್ ಟ್ರೇಲ್ ಕಡ್ಡಾಯ, ಹಾಗಾಗಿ ಅಲ್ಲಿ ಖಂಡಿತ ಇರಬೇಕು. ಆದರೆ ವೋಚರಿನ ಮೇಲಿನ ತಾರೀಕನ್ನು ನೋಡಬೇಡಿ. ಅದು ವ್ಯವಹಾರದ ತಾರೀಕು, ನೀವು ಕೂತು ಹಾಕಿದ ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಕರೆಂಟ್ ಹೋದದ್ದೂ ಸಾಕ್ಷಿಯೇ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್, ಬಲಗಡೆ ‘ಫಿಲ್ಟರ್ ಕರೆಂಟ್ ಲಾಗ್’ (Filter Current Log) ಒತ್ತಿ, ಐಡಿ ಜಾಗದಲ್ಲಿ 6005, 6006, 6008 ಅಂತ ಹಾಕಿ. 6005 ಕಂಪ್ಯೂಟರ್ ಶುರುವಾದದ್ದು, 6006 ಸರಿಯಾಗಿ ಮುಚ್ಚಿದ್ದು, 6008 ಯುಪಿಎಸ್ ಕೈಕೊಟ್ಟು ಧೊಪ್ಪನೆ ಆರಿದ್ದು. 6008ರಲ್ಲಿ ಒಂದು ಮೋಸವಿದೆ: ಪಟ್ಟಿಯಲ್ಲಿ ಅದರ ಎದುರು ಕಾಣುವ ಹೊತ್ತು ಕರೆಂಟ್ ಬಂದು ಮತ್ತೆ ಶುರು ಮಾಡಿದ್ದು. ಆರಿದ ಹೊತ್ತು ಬೇಕಾದರೆ ಅದರ ಮೇಲೆ ಒತ್ತಿ ಒಳಗಿನ ವಾಕ್ಯ ಓದಬೇಕು. ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋಗುವವರಿಗೆ ಈ ಮೂರೂ ಸಿಗದಿರಬಹುದು, ಸ್ಲೀಪ್‌ಗೆ ಹೋದದ್ದನ್ನು ಕರ್ನಲ್-ಪವರ್ ಹೆಸರಿನ 42ರಲ್ಲಿ ನೋಡಿ.

ಫೈಲಿನ ‘ಡೇಟ್ ಮಾಡಿಫೈಡ್’ ಉಪಯೋಗವೇ, ಆದರೆ ಅದು ಕೊನೆಯ ಸೇವ್ ಒಂದನ್ನೇ ಹೇಳುತ್ತದೆ. ಮರುದಿನ ತೆರೆದು ಸೇವ್ ಮಾಡಿದರೆ ನಿನ್ನೆಯದು ಅಳಿಸಿಹೋಯಿತು. ಪೆನ್‌ಡ್ರೈವಿನಿಂದ ಕಾಪಿ ಮಾಡಿದ ಫೈಲಿನಲ್ಲಿ ‘ಡೇಟ್ ಕ್ರಿಯೇಟೆಡ್’ ಅಂದರೆ ಕಾಪಿ ಮಾಡಿದ ಹೊತ್ತು, ಹಾಗಾಗಿ ಹುಟ್ಟುವುದಕ್ಕಿಂತ ಮುಂಚೆಯೇ ತಿದ್ದಿದ ಫೈಲ್ ಕಂಡರೆ ಗಾಬರಿಯಾಗಬೇಡಿ. ಹಳೆಯ ಡೆಸ್ಕ್‌ಟಾಪ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ: ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಳೆಯ ತಾರೀಕಿಗೆ ಜಿಗಿಯುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ. ಅದನ್ನು ಬದಲಿಸುವವರೆಗೆ ಆ ಯಂತ್ರದ ಯಾವ ಹೊತ್ತನ್ನೂ ನಂಬಬೇಡಿ. ನಾಣ್ಯದಷ್ಟು ದೊಡ್ಡ ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಚಹಾದಂಗಡಿಗೆ ಮಾಡಿದ ಯುಪಿಐ ಪಾವತಿಯನ್ನು ಮರೆಯಬೇಡಿ. ಹತ್ತಿಪ್ಪತ್ತು ರೂಪಾಯಿಯದಾದರೂ ಕೆಲಸದ ನಡುವೆ ಎದ್ದ ಹೊತ್ತನ್ನು ಅಷ್ಟು ಚೊಕ್ಕವಾಗಿ ಹೇಳುವುದು ಬೇರೊಂದಿಲ್ಲ.

ಒಂದು ದಿನ ಬಿಡಿಸಿ ನೋಡಿದರೆ

20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ. ಟೈಮರ್ ಹೇಳುವುದು ಎರಡೇ ಎಂಟ್ರಿ: 10:12ರಿಂದ 13:48 ದಾಲ್ ಮಿಲ್, 216 ನಿಮಿಷ. 14:35ರಿಂದ 19:20 ಬಟ್ಟೆ ಅಂಗಡಿಯ ಸ್ಟಾಕ್ ತಾಳೆ, 285 ನಿಮಿಷ. ಒಟ್ಟು 501. ಕೊನೆಯ ದಿನ ಎರಡೇ ಪಾರ್ಟಿಯ ಕೆಲಸ ಮಾಡಿದ ಕಚೇರಿ ಇರಲು ಸಾಧ್ಯವೇ ಇಲ್ಲ, ಅನುಮಾನ ಅಲ್ಲಿಂದಲೇ ಶುರುವಾಗಬೇಕು.

ಬೆಳಗಿನ ಸಾಕ್ಷಿಗಳು: 11:26ಕ್ಕೆ ಟ್ರಾನ್ಸ್‌ಪೋರ್ಟಿನವರ ಕರೆ, 9 ನಿಮಿಷ. 11:37ಕ್ಕೆ ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್. 12:18ಕ್ಕೆ ಒಟಿಪಿ ಕೇಳಲು ಅವರಿಗೇ ಕರೆ. 12:21ಕ್ಕೆ ಎಆರ್‌ಎನ್ ಮೇಲ್. 12:24ಕ್ಕೆ ಚಹಾದ ಯುಪಿಐ. 12:29ಕ್ಕೆ ದಾಲ್ ಮಿಲ್ಲಿನ ವೋಚರ್ ತಿದ್ದಿದ್ದು ಎಡಿಟ್ ಲಾಗ್‌ನಲ್ಲಿ.

ಟ್ರಾನ್ಸ್‌ಪೋರ್ಟಿನ ಕೆಲಸ ಕರೆ ಬಂದಾಗಲೇ ಶುರುವಾಯಿತು, ಪೋರ್ಟಲ್ ತೆರೆದಾಗ ಅಲ್ಲ. ಆ 9 ನಿಮಿಷದ ಮಾತೂ ಅವರ ಲೆಕ್ಕದ್ದೇ. ಚಹಾದ ದುಡ್ಡು ಕೊಟ್ಟದ್ದು 12:24 ಆದರೂ ಎದ್ದದ್ದು ಅದಕ್ಕೂ ಮುಂಚೆ, ಎಆರ್‌ಎನ್ ಬಂದ ಕೂಡಲೇ, ಅದಕ್ಕೇ ಅಲ್ಲಿ ಗಡಿ 12:22. ಹಾಗಾಗಿ ತುಂಡುಗಳು ಹೀಗೆ:

10:12–11:26 ದಾಲ್ ಮಿಲ್, 74
11:26–12:22 ಟ್ರಾನ್ಸ್‌ಪೋರ್ಟ್, 56
12:22–12:29 ಚಹಾ, 7
12:29–13:48 ದಾಲ್ ಮಿಲ್, 79

ಕೂಡಿಸಿದರೆ 216, ಮೊದಲಿನಷ್ಟೇ. ಒಂದು ನಿಮಿಷ ಹೆಚ್ಚುಕಡಿಮೆ ಬಂದರೂ ಎಲ್ಲೋ ಎರಡು ಎಂಟ್ರಿ ಒಂದರ ಮೇಲೊಂದು ಕೂತಿವೆ ಇಲ್ಲವೇ ನಡುವೆ ಸಂದು ಉಳಿದಿದೆ ಅಂತ ತಿಳಿಯಿರಿ.

ಮಧ್ಯಾಹ್ನ ತುಸು ಜಟಿಲ. 6008ರ ಒಳಗಿನ ವಾಕ್ಯದಲ್ಲಿ 16:52, 6005ರಲ್ಲಿ 17:21. ಬಟ್ಟೆ ಅಂಗಡಿಯ ಎಕ್ಸೆಲ್ ಫೈಲ್ ಕೊನೆಯ ಸಲ ಸೇವ್ ಆದದ್ದು 18:06. 18:11ಕ್ಕೆ ದಾಲ್ ಮಿಲ್ಲಿನ ಮುನೀಮರ ಕರೆ, 18:40ಕ್ಕೆ ಅವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್. 18:47ಕ್ಕೆ 6006, ಕಂಪ್ಯೂಟರ್ ಮುಚ್ಚಿದ್ದು. ಮೊಬೈಲಿನಲ್ಲಿದ್ದ ಟೈಮರ್ ನೆನಪಾದದ್ದು ಮನೆ ಮುಟ್ಟಿದ ಮೇಲೆ.

14:35–16:52 ಬಟ್ಟೆ ಅಂಗಡಿ, 137
16:52–17:21 ಕರೆಂಟ್ ಇಲ್ಲ, 29
17:21–18:11 ಬಟ್ಟೆ ಅಂಗಡಿ, 50
18:11–18:47 ದಾಲ್ ಮಿಲ್, 36
18:47–19:20 ಕತ್ತರಿಸಿದ ಬಾಲ, 33

ಒಟ್ಟು 285. ಇಲ್ಲಿ 18:06 ಮತ್ತು 18:11ರ ನಡುವಿನ ಐದು ನಿಮಿಷವನ್ನು ಹಳೆಯ ಕೆಲಸಕ್ಕೇ ಬಿಟ್ಟಿದೆ. ಹತ್ತು ನಿಮಿಷದೊಳಗಿನ ಇಂಥ ಸಂದು ಬಂದರೆ ಹೊಸ ಕೆಲಸದ ಮೊದಲ ಗುರುತನ್ನೇ ಗಡಿ ಮಾಡಿ, ಯಾವಾಗಲೂ ಒಂದೇ ನಿಯಮ ಪಾಲಿಸಿ. ಹತ್ತಕ್ಕಿಂತ ದೊಡ್ಡದಾದರೆ ಇನ್ನೊಂದು ಸಾಕ್ಷಿ ಹುಡುಕಿ.

ಕತ್ತಲೆಯ 29 ನಿಮಿಷ ಏನು ಮಾಡುವುದು? ಬಟ್ಟೆ ಅಂಗಡಿಯ ಬಿಲ್‌ಬುಕ್ ನೋಡುತ್ತಿದ್ದದ್ದು ನಿಜವಾದರೆ, ಟಿಕ್ ಹಾಕಿದ ಪುಟವೋ ಬರೆದ ಚೀಟಿಯೋ ಇದ್ದರೆ, ಅವರಿಗೇ ಬರೆಯಿರಿ. ಏನೂ ಇಲ್ಲದಿದ್ದರೆ ‘ಕಚೇರಿ – ಕರೆಂಟ್’ ಅನ್ನುವ ಹೆಸರಿನಲ್ಲಿಡಿ. ಮೂರು ಪಾರ್ಟಿಗೂ ಹತ್ತತ್ತು ನಿಮಿಷ ಹಂಚುವುದು ಬೇಡ. ಹಾಗೆ ಹಂಚಿದರೆ ಹಾಳೆ ತುಂಬಿ ಕಾಣುತ್ತದೆ, ಜೊತೆಗೆ ಕರೆಂಟಿನಿಂದ ತಿಂಗಳಿಗೆ ಎಷ್ಟು ಹೊತ್ತು ಹೋಗುತ್ತಿದೆ ಅನ್ನುವ ಲೆಕ್ಕವೂ ಮುಚ್ಚಿಹೋಗುತ್ತದೆ. ಹೊಸ ಬ್ಯಾಟರಿ ಕೇಳಲು ಮಾಲೀಕರ ಮುಂದೆ ಇಡಬೇಕಾದ ಕಾಗದವೇ ಅದು.

ಕೊನೆಯ ಚಿತ್ರ: ದಾಲ್ ಮಿಲ್ 189 ನಿಮಿಷ, ಬಟ್ಟೆ ಅಂಗಡಿ 187, ಟ್ರಾನ್ಸ್‌ಪೋರ್ಟ್ 56. ಟೈಮರಿನ ಪ್ರಕಾರ ಬಟ್ಟೆ ಅಂಗಡಿ ದಿನದ ದೊಡ್ಡ ಕೆಲಸವಾಗಿತ್ತು. ಅಲ್ಲಿಂದ 98 ನಿಮಿಷ ಇಳಿಯಿತು.

ಆ್ಯಪ್‌ನಲ್ಲಿ ಕತ್ತರಿಸುವಾಗ

ಒಟ್ಟು ಅವಧಿಯ ಸಂಖ್ಯೆಯನ್ನು ನೇರ ತಿದ್ದಬೇಡಿ. 3:36 ಅಳಿಸಿ 1:14 ಅಂತ ಹೊಡೆದರೆ ಆ್ಯಪ್ ಶುರುವಿನ ಹೊತ್ತನ್ನೋ ಕೊನೆಯದನ್ನೋ ಸರಿಸಲೇಬೇಕು. ಯಾವುದನ್ನು ಅನ್ನುವುದು ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ನಿಮಗೆ ಗೊತ್ತಿಲ್ಲದೆ ಬೆಳಗಿನ ಕೆಲಸ ಮಧ್ಯಾಹ್ನಕ್ಕೆ ಜರುಗಬಹುದು. ಶುರು ಮತ್ತು ಕೊನೆ, ಎರಡನ್ನೇ ತಿದ್ದಿ.

‘ಸ್ಪ್ಲಿಟ್’ ಇದ್ದರೆ ಅದನ್ನು ಬಳಸಿ, ಆದರೆ ಎಲ್ಲಿ ಕತ್ತರಿಸಿತು ಅಂತ ನೋಡಿ. ಕಮಾಂಡ್ ಲೈನಿನಲ್ಲಿ ಓಡುವ ಟೈಮ್‌ವಾರಿಯರ್ ಅನ್ನುವ ಟೈಮರ್ ಎಂಟ್ರಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುತ್ತದೆ, ಆಮೇಲೆ ಗಡಿಯನ್ನು ನೀವೇ ಸರಿಸಬೇಕು. ತಪ್ಪಿದರೆ ಅದರಲ್ಲಿ ಅನ್‌ಡೂ ಇದೆ. ಸ್ಪ್ಲಿಟ್ ಇಲ್ಲದ ಕಡೆ ಕ್ರಮ ಹೀಗಿರಲಿ: ಮೊದಲು ಹಳೆಯ ಎಂಟ್ರಿಯ ಕೊನೆಯನ್ನು 11:26ಕ್ಕೆ ತನ್ನಿ, ಆಮೇಲೆ ಅದನ್ನು ನಕಲು ಮಾಡಿ 12:29–13:48 ಮಾಡಿ, ಕೊನೆಗೆ ನಡುವಿನದನ್ನು ಹೊಸದಾಗಿ ಸೇರಿಸಿ. ನಕಲು ಮಾಡುವುದರಿಂದ ಪಾರ್ಟಿಯ ಹೆಸರು, ಬಿಲ್ ಆಗಬೇಕೋ ಬೇಡವೋ ಅನ್ನುವ ಗುರುತು ಹಾಗೇ ಬರುತ್ತವೆ. ಕೈಯಲ್ಲಿ ಹೊಸದಾಗಿ ಸೇರಿಸಿದ ಎಂಟ್ರಿಯಲ್ಲಿ ಬಿಲ್ ಗುರುತು ಬಿಟ್ಟುಹೋಗುವುದು ಹೆಚ್ಚು, ಅದನ್ನೊಮ್ಮೆ ನೋಡಿ. ತಿದ್ದಿದ ಪ್ರತಿಯೊಂದರ ವಿವರಣೆಯಲ್ಲೂ ‘ತಿದ್ದಿದ್ದು – ಕಾಲ್ ಲಾಗ್’ ಅಂತ ಆಧಾರವನ್ನು ಎರಡು ಮಾತಿನಲ್ಲಿ ಬರೆಯಿರಿ.

ಟಾಗಲ್ ಟ್ರ್ಯಾಕ್, ಕ್ಲಾಕಿಫೈ ಎರಡರ ಡೆಸ್ಕ್‌ಟಾಪ್ ಆ್ಯಪ್‌ನಲ್ಲೂ ಐಡಲ್ ಡಿಟೆಕ್ಷನ್ ಇದೆ: ಕೀಬೋರ್ಡ್-ಮೌಸ್ ಸುಮ್ಮನಿದ್ದರೆ ಮರಳಿ ಬಂದಾಗ ಆ ಹೊತ್ತು ಇಟ್ಟುಕೊಳ್ಳಲೋ ಬಿಡಲೋ ಅಂತ ಕೇಳುತ್ತದೆ. ಊಟದ ಬಾಲಕ್ಕೆ ಇದು ಒಳ್ಳೆಯದು. ಕೆಲಸ ಬದಲಾದದ್ದನ್ನು ಮಾತ್ರ ಇದು ಹಿಡಿಯಲಾರದು, ಯಾಕೆಂದರೆ ಆಗ ಕೀಬೋರ್ಡ್ ಓಡುತ್ತಲೇ ಇರುತ್ತದೆ. ಅತ್ತ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದ್ದನ್ನು ಐಡಲ್ ಅಂದುಕೊಂಡು ಬಿಡಲೋ ಅಂತ ಕೇಳುತ್ತದೆ. ಕೇಳಿದ ಕೂಡಲೇ ‘ಬಿಡು’ ಒತ್ತಬೇಡಿ.

ಎಕ್ಸೆಲ್‌ನಲ್ಲಿ ಬರೆಯುವವರಿಗೆ

ಸಣ್ಣ ಕಚೇರಿಗಳಿಗೆ ಎಕ್ಸೆಲ್ ಸಾಕು, ಆದರೆ ನಾಲ್ಕು ಕಡೆ ಮುಗ್ಗರಿಸುತ್ತಾರೆ. ಹೊತ್ತು ಹಾಕಲು ‘ನೌ’ ಫಂಕ್ಷನ್ ಬಳಸಿದರೆ ಮರುದಿನ ಫೈಲ್ ತೆರೆದಾಗ ಎಲ್ಲ ಸಾಲೂ ಇವತ್ತಿನ ಹೊತ್ತಿಗೆ ಬದಲಾಗಿರುತ್ತವೆ. ಕಂಟ್ರೋಲ್, ಶಿಫ್ಟ್, ಸೆಮಿಕೋಲನ್ ಒಟ್ಟಿಗೆ ಒತ್ತಿ, ಆ ನಿಮಿಷ ಅಲ್ಲೇ ಅಚ್ಚಾಗುತ್ತದೆ. ವಾರದ ಒಟ್ಟು 26 ಗಂಟೆ ಇದ್ದದ್ದು 2:00 ಅಂತ ಕಂಡರೆ ಫಾರ್ಮ್ಯಾಟ್ ತಪ್ಪಿದೆ. ಫಾರ್ಮ್ಯಾಟ್ ಸೆಲ್ಸ್‌ನ ಟೈಮ್ ಪಟ್ಟಿಯಲ್ಲಿ 37:30:55 ಅಂತ ಕಾಣುವ ಮಾದರಿ ಆರಿಸಿ. ರಾತ್ರಿ ಹನ್ನೆರಡು ದಾಟಿದ ಕೆಲಸಕ್ಕೆ ಬರೀ ಕಳೆದರೆ ಋಣ ಸಂಖ್ಯೆ ಬಂದು ಸೆಲ್ ತುಂಬ ಹ್ಯಾಷ್ ಗುರುತು ಕೂರುತ್ತದೆ. ‘ಮಾಡ್’ ಫಂಕ್ಷನ್‌ನಲ್ಲಿ ವ್ಯತ್ಯಾಸ ಮತ್ತು 1 ಕೊಟ್ಟರೆ ಸರಿಹೋಗುತ್ತದೆ.

ನಾಲ್ಕನೆಯದು ದುಬಾರಿ. 1 ಗಂಟೆ 20 ನಿಮಿಷ ಅಂದರೆ 1.20 ಗಂಟೆ ಅಲ್ಲ, 1.33. ಎಕ್ಸೆಲ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುವುದರಿಂದ 24ರಿಂದ ಗುಣಿಸಿ, ಫಾರ್ಮ್ಯಾಟನ್ನು ಸಂಖ್ಯೆಗೆ ಬದಲಿಸಿದರೆ ದಶಮಾಂಶ ಗಂಟೆ ಸಿಗುತ್ತದೆ. ಮೇಲಿನ ದಿನದಲ್ಲಿ ದಾಲ್ ಮಿಲ್‌ದು 3 ಗಂಟೆ 9 ನಿಮಿಷ, ಅಂದರೆ 3.15. ಟ್ರಾನ್ಸ್‌ಪೋರ್ಟ್ 0.93. ಕಾಲು ಗಂಟೆಗೆ ದುಂಡು ಮಾಡುವ ರೂಢಿ ನಿಮ್ಮಲ್ಲಿದ್ದರೆ ತುಂಡುಗಳನ್ನು ಒಂದೊಂದಾಗಿ ದುಂಡು ಮಾಡಬೇಡಿ. 74, 79, 36 ಬೇರೆ ಬೇರೆಯಾಗಿ ಮೇಲಕ್ಕೆ ಹೋದರೆ 75, 90, 45, ಒಟ್ಟು 210. ಕೂಡಿಸಿ ದುಂಡು ಮಾಡಿದರೆ 189 ಹೋಗಿ 195 ಮಾತ್ರ.

ಶುರು ಮಾತ್ರ ಬರೆಯುವ ಹಾಳೆ ಮಾಡಿಕೊಂಡರೆ ತಿದ್ದುವ ಕೆಲಸ ಅರ್ಧ ತಗ್ಗುತ್ತದೆ. ಒಂದು ಕಾಲಂನಲ್ಲಿ ಶುರುವಾದ ಹೊತ್ತು, ಇನ್ನೊಂದರಲ್ಲಿ ಕೆಲಸ, ಮೂರನೆಯದರಲ್ಲಿ ‘ಮುಂದಿನ ಸಾಲಿನ ಶುರು ಕಳೆ ಈ ಸಾಲಿನ ಶುರು’. ಚಹಾ, ಊಟ, ಮನೆಗೆ ಹೋದದ್ದೂ ಒಂದೊಂದು ಸಾಲೇ. ಮರೆತದ್ದು ನೆನಪಾದರೆ ನಡುವೆ ಒಂದು ಸಾಲು ಸೇರಿಸಿದರಾಯಿತು, ಮೇಲಿನದೂ ಕೆಳಗಿನದೂ ಸರಿಯಾಗುತ್ತವೆ. ಒಂದು ಎಚ್ಚರ: ಸಾಲು ಸೇರಿಸಿದಾಗ ಮೇಲಿನ ಸಾಲಿನ ಸೂತ್ರ ಹಳೆಯ ಸಾಲನ್ನೇ ಹಿಡಿದುಕೊಂಡು ಹೊಸದನ್ನು ಹಾರಿಸಿಬಿಡುತ್ತದೆ, ಹೊಸ ಸಾಲಿನಲ್ಲಿ ಸೂತ್ರವೇ ಇಲ್ಲದೆಯೂ ಇರಬಹುದು. ಮೊದಲ ಸಾಲಿನಿಂದ ಸೂತ್ರವನ್ನು ಮತ್ತೆ ಕೆಳಗಿನವರೆಗೆ ಎಳೆಯಿರಿ.

ಮುಟ್ಟಬಾರದ ಹೊತ್ತು

ಹಾಜರಾತಿಯ ಬಯೊಮೆಟ್ರಿಕ್ ದಾಖಲೆ ಬೇರೆ, ಕೆಲಸದ ಟೈಮ್‌ಶೀಟ್ ಬೇರೆ. ಇದನ್ನು ಹೊಂದಿಸಲು ಅದನ್ನು ತಿದ್ದಿಸಬೇಡಿ. ಮೇಲಿನವರು ಮಂಜೂರು ಮಾಡಿದ ವಾರವನ್ನು ಅವರಿಗೆ ಹೇಳಿಯೇ ತೆರೆಸಬೇಕು. ಪಾರ್ಟಿಗೆ ಬಿಲ್ ಹೋಗಿದ್ದರೆ ಹಳೆಯ ಎಂಟ್ರಿಗೆ ಕೈ ಹಾಕದೆ ಇವತ್ತಿನ ತಾರೀಕಿನಲ್ಲಿ ಹೊಂದಾಣಿಕೆಯ ಸಾಲು ಬರೆಯಿರಿ. ಜಿಎಸ್‌ಟಿ ಬಿಲ್ಲಿನ ಮೊತ್ತ ಇಳಿಯಬೇಕಾದರೆ ಅದಕ್ಕೆ ಕ್ರೆಡಿಟ್ ನೋಟ್ ಇದೆ.

ಪೋರ್ಟಲ್ ನಿಧಾನವಾಗಿ ಒಬ್ಬರ ಫೈಲ್ ಏರುತ್ತಿರುವಾಗ ಇನ್ನೊಬ್ಬರ ಕೆಲಸ ಮಾಡಿದ್ದರೆ, ಹೊತ್ತು ಕೈ ಇದ್ದ ಕೆಲಸಕ್ಕೆ ಸೇರಬೇಕು. ಎರಡಕ್ಕೂ ಬರೆದರೆ ದಿನಕ್ಕೆ ಇರುವುದಕ್ಕಿಂತ ಹೆಚ್ಚು ಗಂಟೆ ಹುಟ್ಟುತ್ತವೆ.

ತಿದ್ದಿ ಮುಗಿದ ಮೇಲೆ ಊರಿನ ಹೊತ್ತಿಗೂ ಒಮ್ಮೆ ತಾಳೆ ನೋಡಿ. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ರಾಜ್ಯ ಸರ್ಕಾರಿ ಕಚೇರಿಗಳ ವೇಳೆಯನ್ನು 8:00ರಿಂದ 13:30ಕ್ಕೆ ಬದಲಿಸುವ ಆದೇಶ ಬರುತ್ತದೆ. ಅಂಥ ದಿನ 15:10ಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ಕಾದ ಎಂಟ್ರಿ ಇದ್ದರೆ ಹೊತ್ತು ತಪ್ಪಿದೆ ಅಥವಾ ಜಾಗ ತಪ್ಪಿದೆ. ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿಗಳಿಗೆ ಈ ಆದೇಶ ಅನ್ವಯವಾಗುವುದಿಲ್ಲ, ಅವುಗಳ ಎಂಟ್ರಿಯನ್ನು ಇದೇ ಕಾರಣಕ್ಕೆ ಬದಲಿಸಬೇಡಿ.

ಇದೆಲ್ಲವನ್ನೂ ಅದೇ ದಿನ ಸಂಜೆ ಕೂತು ಮಾಡಿದರೆ ಹತ್ತು ನಿಮಿಷದ ಕೆಲಸ. 11, 20 ಮತ್ತು ಮೂರು ತಿಂಗಳ ರಿಟರ್ನಿನವರಿಗೆ 22, ಜಿಎಸ್‌ಟಿ ರಿಟರ್ನಿನ ಕೊನೆಯ ದಿನಗಳಾದ ಈ ತಾರೀಕುಗಳಂದು ಟೈಮರನ್ನೇ ನಂಬಿ ಕೂರಬೇಡಿ. ಕಂಪ್ಯೂಟರಿನ ಪಕ್ಕ ಒಂದು ರಟ್ಟಿನ ಪುಸ್ತಕ ಇಟ್ಟು, ಫೋನ್ ಎತ್ತುವ ಕೈಯಲ್ಲೇ ಹೊತ್ತು ಮತ್ತು ಪಾರ್ಟಿಯ ಮೊದಲ ಅಕ್ಷರ ಗೀಚಿ. ಕರೆಂಟ್ ಹೋದರೂ ಅದು ಆರುವುದಿಲ್ಲ.